ಕಿರಾತಕಡ್ಡಿ: ಹೆಸರು ಒಂದೇ, ಗಿಡ ಬೇರೆ

ಗ್ರಂಧಿಗೆ ಅಂಗಡಿಯಲ್ಲಿ ‘ಕಿರಾತಕಡ್ಡಿ ಕೊಡಿ’ ಅಂದರೆ ಎರಡು ಬೇರೆ ಬೇರೆ ಗಿಡಗಳಲ್ಲಿ ಯಾವುದಾದರೂ ಒಂದು ಪೊಟ್ಟಣಕ್ಕೆ ಬೀಳಬಹುದು. ಇದು ನನಗೆ ಗೊತ್ತಾಗಿದ್ದು ಹತ್ತು ಸಾವಿರ ರೂಪಾಯಿ ಕಳೆದುಕೊಂಡ ಮೇಲೆ.

2003ರಲ್ಲಿ ಒಬ್ಬ ಏಜೆಂಟ್ ನಮ್ಮೂರಿಗೆ ಬಂದ. ‘ಇದು ಹಿಮಾಲಯದ ಕಿರಾತಕಡ್ಡಿ. ನೀವು ಬೆಳೀರಿ, ನಾವೇ ಕೊಳ್ತೀವಿ’ ಅಂದ. ಮಳೆ ಹೋಗಿ ಶೇಂಗಾ ಕೈಕೊಟ್ಟಿತ್ತು. ಆಸೆಯಾಯಿತು. ಸಸಿಗೆ 2 ರೂಪಾಯಿಯಂತೆ 5,000 ಸಸಿ ತಂದು ಅರ್ಧ ಎಕರೆಗೆ ನೆಟ್ಟೆ. ಗಿಡವೇನೋ ಚೆನ್ನಾಗಿ ಬಂತು. ಕಳೆ ತೆಗೆಯಲು ಬಂದ ಅಜ್ಜಿ ಒಂದು ಎಲೆ ಕಚ್ಚಿ ನಕ್ಕುಬಿಟ್ಟಳು. ‘ಇದು ನಮ್ಮ ನೆಲಬೇವು ಕಣಪ್ಪ. ಹಳ್ಳದ ದಂಡೇಲಿ ಬೇಕಾದಷ್ಟೈತೆ. ದುಡ್ಡು ಕೊಟ್ಟು ತಂದ್ಯಾ?’

ಏಜೆಂಟ್ ಮತ್ತೆ ಬರಲಿಲ್ಲ. ಕೊಯ್ದ ಮಾಲನ್ನು ನೆಲಬೇವಿನ ದರಕ್ಕೇ ಮಾರಿದೆ. ಕೂಲಿಯೂ ಹುಟ್ಟಲಿಲ್ಲ.

ಎರಡಕ್ಕೂ ವ್ಯತ್ಯಾಸ

ಆಮೇಲೆ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರನ್ನು ಕಂಡು ವಿಚಾರಿಸಿದೆ. ನಿಜವಾದ ಕಿರಾತಕಡ್ಡಿ ಜೆನ್ಷಿಯನ್ ಕುಟುಂಬದ್ದು. ಶಾಸ್ತ್ರದ ಹೆಸರು ಸ್ವರ್ಷಿಯಾ ಚಿರಾಯಿತ. ಕಾಶ್ಮೀರದಿಂದ ಭೂತಾನದವರೆಗೆ, ಸುಮಾರು 4,000ದಿಂದ 10,000 ಅಡಿ ಎತ್ತರದ ತಂಪು ಬೆಟ್ಟಗಳೇ ಅದರ ಮನೆ. ನಮ್ಮ ಬಿಸಿಲಿಗೆ ಅದು ಬಾಳುವುದಿಲ್ಲ. ನೆಲಬೇವು ಆಡುಸೋಗೆಯ ಬಳಗದ್ದು, ಬಯಲುಸೀಮೆಗೆ ಒಗ್ಗಿದ ಗಿಡ. ಎರಡೂ ಕಹಿ, ಎರಡನ್ನೂ ಜ್ವರದ ಕಷಾಯಕ್ಕೆ ಬಳಸುತ್ತಾರೆ. ಗೊಂದಲ ಆಗೋದೇ ಇಲ್ಲಿ.

ಬೆಟ್ಟದ ಗಿಡದ ಹೂ ಹಸಿರು ಮಿಶ್ರಿತ ಹಳದಿ, ಸ್ವಲ್ಪ ನೇರಳೆ ಛಾಯೆ, ನಾಲ್ಕು ದಳ. ನೆಲಬೇವಿನ ಹೂ ಸಣ್ಣದು, ಬಿಳಿ, ಮೇಲೆ ನೇರಳೆ ಚುಕ್ಕೆ. ಒಣಗಿದ ಮಾಲಾದರೆ ಕಡ್ಡಿ ನೋಡಿ. ಬೆಟ್ಟದ್ದು ಬುಡದಲ್ಲಿ ದುಂಡಗೆ, ಕಂದು-ನೇರಳೆ ಬಣ್ಣ, ಮುರಿದರೆ ಒಳಗೆ ದಪ್ಪ ತಿರುಳು. ನೆಲಬೇವಿನದು ಹಸಿರು, ನಾಲ್ಕು ಮೂಲೆ.

ಬೆಟ್ಟದವರ ಕಷ್ಟ

ನಿಜವಾದ ಕಿರಾತಕಡ್ಡಿ ಹೂ ಬಿಡಲು ಎರಡು-ಮೂರು ವರ್ಷ ಬೇಕು. ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ವ್ಯಾಪಾರಕ್ಕೆ ಗಿಡವನ್ನು ಬೇರುಸಹಿತ ಕೀಳುತ್ತಾರೆ. ಬೀಜ ಉದುರುವ ಮೊದಲೇ ಕಿತ್ತರೆ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು? ಬಿತ್ತನೆಗೆ ಇಟ್ಟ ಕಾಳನ್ನೇ ಮಾರಿ ತಿಂದಂತೆ ಆಯಿತು. ಕಾಡಿನಲ್ಲಿ ಅದು ಕಡಿಮೆಯಾದಷ್ಟೂ ಅದರ ಹೆಸರಿನಲ್ಲಿ ಬೇರೆ ಕಡ್ಡಿ ಮಾರುವವರು ಹೆಚ್ಚುತ್ತಾರೆ.

ನೆಲಬೇವು ಕೀಳು ಗಿಡವಲ್ಲ. ಅದನ್ನು ನೆಲಬೇವು ಅಂತಲೇ ಬೆಳೆಯೋಣ, ಅಂತಲೇ ಮಾರೋಣ. ಹೊಸ ಔಷಧಿ ಗಿಡದ ಸಸಿ ಕೊಳ್ಳುವ ಮುಂಚೆ ಹೂ ಬಿಟ್ಟ ಗಿಡ ತೋರಿಸಿ ಅಂತ ಕೇಳಿ. ಒಂದೆಲೆ ತಂದು ಊರಿನ ಹಿರಿಯರ ಕೈಗೂ ಕೊಡಿ. ಇದಕ್ಕೇನೂ ಖರ್ಚಿಲ್ಲ.