ಕಪಿಲೆಯ ದಡದಲ್ಲಿ ಮನೆ ಟಾಕೀಸು

ಹಳೇ ಮೈಸೂರು ಸೀಮೆಯ ರೈತರಿಗೆ ನೆಲದಡಿಯ ಕೋಣೆ ಹೊಸದಲ್ಲ. ಹಗೇವು ಎಂದರೆ ಅದೇ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಆದರೆ ಹಗೇವನ್ನು ಎಲ್ಲೆಂದರಲ್ಲಿ ತೋಡುತ್ತಿರಲಿಲ್ಲ. ಎತ್ತರದ, ನೀರು ನಿಲ್ಲದ, ಗಟ್ಟಿ ನೆಲವೇ ಆಗಬೇಕಿತ್ತು. ಗದ್ದೆ ಬಯಲಿನವರು ಅದರ ಗೊಡವೆಗೆ ಹೋಗದೆ ಮನೆಯೊಳಗೇ ಕಣಜ ಕಟ್ಟಿಕೊಂಡರು.

ಈಗ ನಂಜನಗೂಡು, ತಿ. ನರಸೀಪುರದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವ ಕೆಲವರಿಗೆ ನೆಲಮಾಳಿಗೆಯ ಆಸೆ ಹುಟ್ಟಿದೆ. ರಾಗಿಗಾಗಿ ಅಲ್ಲ, ಸಿನಿಮಾಕ್ಕಾಗಿ. ಕತ್ತಲ ಕೋಣೆ, ಗೋಡೆ ತುಂಬ ಚಿತ್ರ, ಮನೆಮಂದಿಗೆಲ್ಲ ಜಾಗ. ಆಸೆ ಒಳ್ಳೆಯದೇ. ಇಲ್ಲಿಂದ ಸಿನಿಮಾಕ್ಕೆಂದು ಮೈಸೂರಿಗೆ ಹೋಗುತ್ತಿದ್ದವರ ಕಣ್ಣೆದುರೇ 2020ರಲ್ಲಿ ಶಾಂತಲಾ ಚಿತ್ರಮಂದಿರ ಬಾಗಿಲು ಹಾಕಿತು. ದೊಡ್ಡ ಪರದೆಯ ಹಂಬಲ ಮನೆಗೆ ಬರುವುದು ಸಹಜ. ಆದರೆ ಹೆಚ್ಚಿನವರು ಮೊದಲು ಪ್ರೊಜೆಕ್ಟರ್ ಕೊಳ್ಳುತ್ತಾರೆ, ಆಮೇಲೆ ಕೋಣೆ ಹುಡುಕುತ್ತಾರೆ. ಅದು ತಿರುಗುಮುರುಗಾಗಬೇಕು. ದುಡ್ಡು ಮೊದಲು ನೀರಿಗೆ, ಆಮೇಲೆ ಕತ್ತಲೆಗೆ, ಆಮೇಲೆ ಸದ್ದಿಗೆ, ಕಡೆಗೆ ಯಂತ್ರಕ್ಕೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀರಿನ ಮಾತು ಮೊದಲು ಬರುವುದಕ್ಕೆ ಕಾರಣ ಈ ಎರಡೂ ಊರುಗಳ ಹುಟ್ಟು. ನಂಜನಗೂಡು ಕಪಿಲೆಯ, ಅಂದರೆ ಕಬಿನಿಯ, ದಡದ ಊರು. ತಿ. ನರಸೀಪುರದಲ್ಲಿ ಅದೇ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಬೀಚನಹಳ್ಳಿಯ ಕಬಿನಿ ಜಲಾಶಯದ ಪೂರ್ಣ ಮಟ್ಟ 2284 ಅಡಿ. ವಯನಾಡಿನಲ್ಲಿ ಮಳೆ ಹಿಡಿದರೆ ಅದು ತುಂಬಲು ತಡವಾಗುವುದಿಲ್ಲ, ತುಂಬಿದ ಮೇಲೆ ನೀರು ಬಿಡದೆ ವಿಧಿಯಿಲ್ಲ. 2018 ಮತ್ತು 2019ರಲ್ಲಿ ನಂಜನಗೂಡಿನ ಸ್ನಾನಘಟ್ಟ, ಹದಿನಾರು ಕಾಲು ಮಂಟಪ ನೀರಿನಲ್ಲಿ ಮುಳುಗಿ, ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯೇ ಬಂದ್ ಆಗಿತ್ತು. ಹಳ್ಳದಕೇರಿ, ತೋಪಿನ ಬೀದಿಯಂಥ ತಗ್ಗಿನ ಜಾಗದವರಿಗೆ ನೆಲಮಾಳಿಗೆಯ ವಿಷಯ ಹೇಳಬೇಕಾಗಿಯೇ ಇಲ್ಲ.

ಹೊಳೆಯಿಂದ ದೂರ ಇದ್ದೇವೆ ಎನ್ನುವವರೂ ಒಂದು ಮಳೆಗಾಲ ಕಾಯಬೇಕು. ನರಸೀಪುರ ತಾಲ್ಲೂಕಿನಲ್ಲಿ ವರುಣಾ ನಾಲೆ, ಮಾಧವಮಂತ್ರಿ ನಾಲೆ. ನಂಜನಗೂಡಿನ ಕಡೆ ಹುಲ್ಲಹಳ್ಳಿ, ರಾಂಪುರ ನಾಲೆ. ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಸುತ್ತಲ ಬಾವಿಗಳ ನೀರು ಮೇಲೇರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿದಿದ್ದ ಪಾಯ ಆಗಸ್ಟ್‌ನಲ್ಲಿ ಜಿನುಗುತ್ತದೆ. ಏಪ್ರಿಲ್‌ನಲ್ಲಿ ತೋಡಿದ ಗುಂಡಿ ನೋಡಿ ತೀರ್ಮಾನಿಸಿದರೆ ಮೋಸ ಹೋದಂತೆಯೇ.

ಕಟ್ಟಿದ ನೆಲಮಾಳಿಗೆ ಆಗಲೇ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಮಳೆಗಾಲದಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೂ ನೆಲಕ್ಕೂ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಾಕಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ತೇವ ಗೋಡೆಯ ಆಚೆಯ ಮಣ್ಣಿನದು. ಹೊರಬದಿಯಲ್ಲಿ ಕಂಡರೆ ಅದು ಕೋಣೆಯ ಗಾಳಿಯಲ್ಲೇ ಇರುವ ತೇವ. ಗಾಳಿಯಾಡುವಂತೆ ಮಾಡಿ, ತೇವ ಹೀರುವ ಯಂತ್ರವೊಂದನ್ನು ಇಟ್ಟರೆ ತಹಬಂದಿಗೆ ಬರುತ್ತದೆ. ಮೊದಲನೆಯದಕ್ಕೆ ಅಂಥ ಸುಲಭದ ಮದ್ದಿಲ್ಲ. ಗೋಡೆ ಉಪ್ಪು ಬಿಡುತ್ತಿದ್ದರೆ, ಪುಟ್ಟಿ ಹಪ್ಪಳದಂತೆ ಏಳುತ್ತಿದ್ದರೆ, ಒಳಗಿನಿಂದ ಎಷ್ಟು ಬಳಿದರೂ ನೀರಿನ ಒತ್ತಡ ಅದನ್ನು ತಳ್ಳಿಕೊಂಡು ಬರುತ್ತದೆ. ವಾಟರ್‌ಪ್ರೂಫಿಂಗ್ ಆಗಬೇಕಾದದ್ದು ಗೋಡೆಯ ಹೊರಮೈಗೆ, ಅದೂ ಮಣ್ಣು ಮುಚ್ಚುವ ಮೊದಲು. ಗೋಡೆಯ ಬುಡದಲ್ಲಿ ಜಲ್ಲಿ ತುಂಬಿ, ತೂತಿನ ಪೈಪು ಹಾಕಿ ನೀರಿಗೆ ದಾರಿ ಮಾಡಿಕೊಡಬೇಕು. ಇದನ್ನು ಬಿಟ್ಟು ಉಳಿಸಿದ ದುಡ್ಡು ಮುಂದೆ ಹತ್ತು ಪಟ್ಟು ಕೈಬಿಡುತ್ತದೆ.

ಇನ್ನೊಂದು ಅಪಾಯ ಮನೆಯವರೇ ಕಟ್ಟಿಕೊಂಡದ್ದು. ನಮ್ಮ ಮನೆಗಳಲ್ಲಿ ನೀರಿನ ಸಂಪು ಸಾಮಾನ್ಯವಾಗಿ ಪೋರ್ಟಿಕೋದ ಅಡಿಯಲ್ಲಿರುತ್ತದೆ. ನೆಲಮಾಳಿಗೆಯ ಗೋಡೆಗೂ ಸಂಪಿಗೂ ಒಂದೇ ಗೋಡೆಯಾದರೆ ವರ್ಷವಿಡೀ ತೇವ ತಪ್ಪದು. ಕೆಳಗೆ ಬಚ್ಚಲು ಇಟ್ಟುಕೊಂಡವರು ಚರಂಡಿ ಪೈಪಿಗೆ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಹಾಕಿಸಲೇಬೇಕು. ರಸ್ತೆಯ ಮ್ಯಾನ್‌ಹೋಲ್ ಮಟ್ಟಕ್ಕಿಂತ ನಿಮ್ಮ ನೆಲ ಕೆಳಗಿದೆ ಎಂಬುದು ನೆನಪಿರಲಿ. ವಿದ್ಯುತ್ತಿನ ಬೋರ್ಡು ಮೇಲಿನ ಮಹಡಿಯಲ್ಲಿರಲಿ, ಪ್ಲಗ್ಗುಗಳು ಸೊಂಟದೆತ್ತರದಲ್ಲಿರಲಿ, 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ ಇರಲಿ. ಇದು ಜೀವದ ಪ್ರಶ್ನೆ.

ಇಷ್ಟೆಲ್ಲ ಆಗದು ಎನ್ನುವವರು ನೆಲಮಾಳಿಗೆಯ ಹಟ ಬಿಡುವುದೇ ಮೇಲು. ಇಳಿಜಾರಿನ ಸೈಟು ಇದ್ದು ಒಂದು ಬದಿ ಬಯಲಿಗೆ ತೆರೆದ ಅರೆ ನೆಲಮಾಳಿಗೆ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ನೆಲಮಟ್ಟದಲ್ಲೇ ಕಿಟಕಿ ಕಡಿಮೆಯಿರುವ ಒಳಕೋಣೆ ಸಾಕು. ನೆಲಮಾಳಿಗೆಯಿಂದ ಸಿನಿಮಾಕ್ಕೆ ಸಿಗುವುದು ಕತ್ತಲೆ, ಹೊರಗಿನ ಸದ್ದಿನಿಂದ ಬಿಡುಗಡೆ. ಎರಡನ್ನೂ ಮೇಲೆಯೇ ಕಟ್ಟಿಕೊಳ್ಳಬಹುದು.

ಹಾಗೆ ನೋಡಿದರೆ ಸಿನಿಮಾ ಊರ ಮುಂದೆ ಬಂದದ್ದೇ ಒಂದು ನೆಲಮಾಳಿಗೆಯಿಂದ. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲೂಮಿಯೇರ್ ಸೋದರರು ಟಿಕೆಟ್ ಇಟ್ಟು ಸಾರ್ವಜನಿಕರಿಗೆ ಚಿತ್ರ ತೋರಿಸಿದ್ದು ಗ್ರಾಂ ಕೆಫೆಯ ನೆಲಮಾಳಿಗೆಯ ಕೋಣೆಯಲ್ಲಿ. ಆ ಕೋಣೆಗೆ ಸಲೋಂ ಇಂಡಿಯೆನ್, ಅಂದರೆ ಭಾರತೀಯ ಕೋಣೆ ಎಂದು ಹೆಸರು. ಮುಂದಿನ ವರ್ಷ ಜುಲೈ 7ಕ್ಕೆ ಅದೇ ಚಿತ್ರಯಂತ್ರ ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂತು.

ನಮ್ಮ ಕಡೆ ಸಿನಿಮಾ ಹಳ್ಳಿ ಹಳ್ಳಿಗೆ ತಲುಪಿದ್ದು ಟೆಂಟಿನಲ್ಲಿ. ಟೂರಿಂಗ್ ಟಾಕೀಸಿನವರು ಕತ್ತಲೆಯ ಬೆಲೆ ಬಲ್ಲವರು. ಬಟ್ಟೆಯ ಗುಡಾರ ಬೆಳಕನ್ನು ತಡೆಯದು, ಆದ್ದರಿಂದ ಹೊತ್ತು ಮುಳುಗುವ ತನಕ ಆಟವಿಲ್ಲ. ಘಂಟಸಾಲರ ವೆಂಕಟೇಶನ ಹಾಡು ಲೌಡ್‌ಸ್ಪೀಕರಿನಲ್ಲಿ ಬಂದರೆ ಜನ ಊಟ ಮುಗಿಸಿ ಹೊರಡುತ್ತಿದ್ದರು. ಬೆಳಕಿನ ಲೆಕ್ಕ ಇಂದಿಗೂ ಅದೇ. ಯಾವ ಪ್ರೊಜೆಕ್ಟರೂ ಕಪ್ಪು ಬಣ್ಣವನ್ನು ಬಿಡಲಾರದು, ಬೆಳಕನ್ನಷ್ಟೇ ಬಿಡಬಲ್ಲದು. ಪರದೆಯ ಮೇಲೆ ಕಪ್ಪು ಕಾಣಬೇಕಾದರೆ ಅಲ್ಲಿಗೆ ಬೇರೆ ಬೆಳಕು ಬೀಳಬಾರದು. ಕಿಟಕಿ ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯದು. ಪರದೆಯಿಂದ ಎದ್ದ ಬೆಳಕು ಬಿಳಿ ಸೀಲಿಂಗಿಗೂ ಪಕ್ಕದ ಗೋಡೆಗೂ ಬಡಿದು ಪರದೆಗೇ ವಾಪಸು ಬರುತ್ತದೆ, ರಾತ್ರಿಯ ದೃಶ್ಯವೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಪರದೆಯ ಹತ್ತಿರದ ನಾಲ್ಕೈದು ಅಡಿ ಸೀಲಿಂಗು ಮತ್ತು ಗೋಡೆಗಳಿಗೆ ಹೊಳಪಿಲ್ಲದ ಗಾಢ ಬಣ್ಣ ಬಳಿಸಿ. ಮನೆಯ ಹಿರಿಯರು ಕಪ್ಪು ಬೇಡವೆಂದರೆ ಕಾಫಿ ಬೀಜದ ಕಂದು, ಕಡುನೀಲಿ ಆದೀತು. ಇಷ್ಟು ಬಣ್ಣದ ಖರ್ಚಿನಲ್ಲಿ ಸಿಗುವ ಸುಧಾರಣೆ ದುಪ್ಪಟ್ಟು ಬೆಲೆಯ ಯಂತ್ರದಿಂದಲೂ ಸಿಗುವುದಿಲ್ಲ.

ಇನ್ನು ಅಳತೆ. ಮೂವತ್ತು–ನಲವತ್ತರ ಸೈಟಿನಲ್ಲಿ ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಕೋಣೆ ಸಿಕ್ಕಿತೆನ್ನಿ. 100 ಇಂಚಿನ ಪರದೆ ಎಂದರೆ ಮೂಲೆಯಿಂದ ಮೂಲೆಗೆ ಅಷ್ಟು; ಅಗಲ 7 ಅಡಿ 3 ಇಂಚು, ಎತ್ತರ 4 ಅಡಿ 1 ಇಂಚು. ಹತ್ತು ಅಡಿಯ ಗೋಡೆಗೆ ಇದು ಸರಿಯಾದ ಅಳತೆ. ಎರಡೂ ಬದಿ ಒಂದಡಿಗೂ ಹೆಚ್ಚು ಜಾಗ ಉಳಿದು ಸ್ಪೀಕರ್ ನಿಲ್ಲುತ್ತವೆ. ಹತ್ತರಿಂದ ಹನ್ನೊಂದು ಅಡಿ ದೂರದಲ್ಲಿ ಕೂತರೆ ಕಣ್ಣಿಗೆ ಹಿತ. ಪ್ರೊಜೆಕ್ಟರ್ ಎಲ್ಲಿ ನಿಲ್ಲಬೇಕೆಂಬುದನ್ನು ಅದರ ಥ್ರೋ ರೇಶಿಯೋ ಹೇಳುತ್ತದೆ: ಚಿತ್ರದ ಅಗಲವನ್ನು ಆ ಸಂಖ್ಯೆಯಿಂದ ಗುಣಿಸಿದರೆ ದೂರ. 1.2 ಇದ್ದರೆ ಸುಮಾರು 8 ಅಡಿ 9 ಇಂಚು, 1.5 ಇದ್ದರೆ ಹನ್ನೊಂದು ಅಡಿಯ ಹತ್ತಿರ. ಕೊಳ್ಳುವ ಮೊದಲೇ ಟೇಪು ಹಿಡಿದು ಈ ಲೆಕ್ಕ ಮುಗಿಸಬೇಕು.

ನರಸೀಪುರದ ಗೆಳೆಯರೊಬ್ಬರ ಮನೆಯಲ್ಲಿ ಲೆಕ್ಕವೆಲ್ಲ ಸರಿಯಿತ್ತು. ಪರದೆ ನೇರ, ಯಂತ್ರ ಸೀಲಿಂಗಿಗೆ ತಲೆಕೆಳಗಾಗಿ ಬಿಗಿದದ್ದೂ ಅಚ್ಚುಕಟ್ಟು. ಆಟ ಶುರುವಾದೊಡನೆ ಚಿತ್ರದ ಮೇಲ್ಭಾಗ ಪಟಪಟ ಮಿನುಗತೊಡಗಿತು. ಕೋಣೆಯ ನಟ್ಟನಡುವೆ ತಿರುಗುತ್ತಿದ್ದ ಸೀಲಿಂಗ್ ಫ್ಯಾನಿನ ರೆಕ್ಕೆಗಳು ಬೆಳಕಿನ ದಾರಿಯನ್ನು ಕತ್ತರಿಸುತ್ತಿದ್ದವು. ಫ್ಯಾನ್ ನಿಲ್ಲಿಸಿದರೆ ಸೆಕೆ, ಹಾಕಿದರೆ ಮಿನುಗು. ಕೊನೆಗೆ ಅದನ್ನು ಇಳಿಸಿ ಹಿಂದಿನ ಗೋಡೆಗೆ ಎರಡು ವಾಲ್ ಫ್ಯಾನ್ ಹಾಕಿಸಿದರು. ಹೊರನಾಡಿನ ಯಾವ ಕೈಪಿಡಿಯಲ್ಲೂ ಈ ಮಾತು ಸಿಗದು, ನಮ್ಮ ಮನೆಗಳಲ್ಲಿ ಮಾತ್ರ ಮೊದಲು ನೋಡಬೇಕಾದದ್ದೇ ಇದನ್ನು.

ಯಂತ್ರದ ವಿಷಯದಲ್ಲಿ ಎರಡು ಎಚ್ಚರ. ಜಾಹೀರಾತಿನಲ್ಲಿ ಬರೀ ಲ್ಯೂಮೆನ್ಸ್ ಎಂದು ಬರೆದ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ, ಆನ್ಸಿ ಲ್ಯೂಮೆನ್ಸ್ ಎಷ್ಟೆಂದು ಕೇಳಿ. ಚಿತ್ರಮಂದಿರದ ಪರದೆಯ ಹೊಳಪಿನ ಅಳತೆ 16 ಫುಟ್-ಲ್ಯಾಂಬರ್ಟ್. 100 ಇಂಚಿನ ಪರದೆಯ ವಿಸ್ತೀರ್ಣ 30 ಚದರ ಅಡಿಯ ಆಸುಪಾಸು, ಎರಡನ್ನೂ ಗುಣಿಸಿದರೆ 480. ಪೂರ್ತಿ ಕತ್ತಲ ಕೋಣೆಯಲ್ಲಿ, ದಿನ ಕಳೆದಂತೆ ದೀಪ ಮಂಕಾಗುವುದನ್ನು ಲೆಕ್ಕ ಹಿಡಿದರೂ, ಎಂಟುನೂರರಿಂದ ಸಾವಿರ ಆನ್ಸಿ ಲ್ಯೂಮೆನ್ಸ್ ಧಾರಾಳ. ಎರಡನೆಯದು, 4ಕೆ ಸಪೋರ್ಟ್ ಎಂದರೆ 4ಕೆ ಚಿತ್ರ ಮೂಡುತ್ತದೆ ಎಂದಲ್ಲ, ಆ ಸಂಕೇತವನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೆ. ನೇಟಿವ್ ರೆಸಲ್ಯೂಷನ್ 1920×1080 ಇದ್ದರೆ ಮೊದಲ ಪ್ರೊಜೆಕ್ಟರಿಗೆ ಸಾಕು. ಓರೆಯಾಗಿಟ್ಟು ಕೀಸ್ಟೋನ್‌ನಲ್ಲಿ ನೇರ ಮಾಡುವ ಅಭ್ಯಾಸ ಬೇಡ, ಚಿತ್ರದ ಸೂಕ್ಷ್ಮವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಪರದೆಗೆ ಅವಸರವಿಲ್ಲ. ನಯವಾಗಿ ಪುಟ್ಟಿ ಎಳೆದು ಹೊಳಪಿಲ್ಲದ ಬಿಳಿ ಬಳಿದ ಗೋಡೆಯೇ ಆರಂಭಕ್ಕೆ ಆದೀತು. ಬಿಳಿ ಬೆಡ್‌ಶೀಟ್ ಕಟ್ಟುವುದಾದರೆ ಹಿಂದೆ ಕಪ್ಪು ಬಟ್ಟೆ ಇರಲಿ, ಇಲ್ಲದಿದ್ದರೆ ಬೆಳಕು ಆಚೆಗೆ ಹಾದುಹೋಗುತ್ತದೆ.

ಕಾಂಕ್ರೀಟು, ಟೈಲ್ಸಿನ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, ಸದ್ದು ಗಣಗಣ ಎನ್ನುತ್ತದೆ. ಅಂಥ ಕಡೆ ಎಷ್ಟು ಬೆಲೆಯ ಸ್ಪೀಕರ್ ತಂದರೂ ಮಾತು ಕಲಸಿಹೋಗುತ್ತದೆ. ನಮಗೆ ಮಾತು ಮುಖ್ಯ. ರಾಜ್‌ಕುಮಾರ್ ಅವರ ಒಂದೊಂದು ಅಕ್ಷರವೂ ಬಿಡಿಸಿ ಕೇಳಬೇಕು. ನೆಲಕ್ಕೆ ದಪ್ಪ ಜಮಖಾನ, ಹಿಂದಿನ ಗೋಡೆಗೆ ಭಾರವಾದ ಪರದೆಬಟ್ಟೆ, ಪಕ್ಕಕ್ಕೆ ಪುಸ್ತಕದ ಕಪಾಟು, ಮೂಲೆಗೆ ಹತ್ತಿಯ ಹಾಸಿಗೆ. ಇವು ಸದ್ದನ್ನು ಹೀರುತ್ತವೆ. ಸರೌಂಡ್ ಆಮೇಲೆ ಬರಲಿ, ಮೊದಲು ನಡುವಿನ ಒಂದು ಒಳ್ಳೆಯ ಸ್ಪೀಕರ್.

ಹಗೇವಿಗೆ ಇಳಿಯುವ ಮುಂಚೆ ಬಾಯಿ ತೆರೆದು ಬಿಡುತ್ತಿದ್ದರು, ಒಳಗೆ ಕಟ್ಟಿದ ಕೆಟ್ಟ ಗಾಳಿ ಹೋಗಲೆಂದು. ಮುಚ್ಚಿದ ಸಿನಿಮಾ ಕೋಣೆಗೂ ಗಾಳಿ ಬೇಕು. ಪ್ರೊಜೆಕ್ಟರಿನದು ಇನ್ನೂರು ಮುನ್ನೂರು ವ್ಯಾಟ್ ಶಾಖ, ಕೂತ ಒಬ್ಬೊಬ್ಬರದೂ ನೂರು ವ್ಯಾಟಿನಷ್ಟು. ಆರು ಜನ ಎರಡೂವರೆ ಗಂಟೆ ಕೂತರೆ ಬೆವರದೆ ಇರರು. ಒಂದು ಕಡೆ ಎಕ್ಸಾಸ್ಟ್ ಫ್ಯಾನ್, ಎದುರು ಕಡೆ ಗಾಳಿ ಒಳಬರುವ ಕಿಂಡಿ ಇರಲಿ, ಎರಡಕ್ಕೂ ಸೊಳ್ಳೆಬಲೆ ಇರಲಿ. ಭತ್ತ ಕಾಳು ಕಟ್ಟುವ ಹೊತ್ತಿಗೆ ಗದ್ದೆಯ ಹಸಿರು ಹುಳಗಳು ದೀಪಕ್ಕೆ ಮುತ್ತುವುದು ಈ ಕಡೆಯವರಿಗೆ ಗೊತ್ತೇ ಇದೆ. ಅವಕ್ಕೆ ಪ್ರೊಜೆಕ್ಟರೂ ಒಂದು ದೀಪವೇ. ಬೆಚ್ಚನೆಯ ಜಾಗವೆಂದು ಹಲ್ಲಿಯೂ ಬರುತ್ತದೆ. ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ ಧೂಳು ಕೊಡವಿ. ಮಳೆಗಾಲದಲ್ಲಿ ವಾರಗಟ್ಟಲೆ ಆಟವಿಲ್ಲದಿದ್ದರೂ ಆಗಾಗ ಅರ್ಧ ಗಂಟೆ ಯಂತ್ರ ಓಡಿಸಿ, ಇಲ್ಲವಾದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ದೀಪದ ಬಲ್ಬಿರುವ ಮಾದರಿಯಾದರೆ ಚಿಕ್ಕದೊಂದು ಯುಪಿಎಸ್ ಬೇಕೇ ಬೇಕು. ಕರೆಂಟು ಹೋದಾಗ ಒಳಗಿನ ಫ್ಯಾನ್ ನಿಂತು, ಕಾದ ಬಲ್ಬು ತಣಿಯದೆ ಅದರ ಆಯಸ್ಸು ಕುಗ್ಗುತ್ತದೆ.

ಕೂರುವುದಕ್ಕೆ ಟೆಂಟಿನ ನೆಲ–ಬೆಂಚು–ಕುರ್ಚಿಯ ಕ್ರಮವನ್ನೇ ಅನುಸರಿಸಿ. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಸೋಫಾದಲ್ಲಿ ಅಜ್ಜಿ ತಾತ. ಪರದೆಯ ಕೆಳ ಅಂಚು ನೆಲದಿಂದ ಎರಡೂವರೆ ಅಡಿ ಮೇಲಿದ್ದರೆ ಯಾರ ತಲೆಯೂ ಅಡ್ಡ ಬಾರದು, ಯಾರ ಕತ್ತೂ ನೋಯದು.

ಮೊದಲ ಆಟಕ್ಕೆ ಯಾವ ಚಿತ್ರವನ್ನಾದರೂ ಹಾಕಿ, ಆದರೆ ಅದರ ಆಕಾರವನ್ನು ಕೆಡಿಸಬೇಡಿ. 1954ರ ‘ಬೇಡರ ಕಣ್ಣಪ್ಪ’, 1972ರ ‘ಬಂಗಾರದ ಮನುಷ್ಯ’ ಇಂದಿನ ಟಿವಿಯಷ್ಟು ಅಗಲದ ಚಿತ್ರಗಳಲ್ಲ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದೇ 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದ ಮೂಲಕ. ಹಳೆಯ ಚಿತ್ರ ಹಾಕಿದಾಗ ಎಡಬಲದಲ್ಲಿ ಪಟ್ಟಿ ಖಾಲಿ ಉಳಿಯುತ್ತದೆ. ಪರದೆ ತುಂಬಲಿ ಎಂದು ಹಿಗ್ಗಿಸಿದರೆ ನಟರೆಲ್ಲ ಕುಳ್ಳಗೆ ದಪ್ಪಗೆ ಕಾಣುತ್ತಾರೆ, ಹಿಗ್ಗಿಸದೆ ದೊಡ್ಡದು ಮಾಡಿದರೆ ತಲೆ ಕಾಲು ಕತ್ತರಿಸಿಹೋಗುತ್ತವೆ. ಪಟ್ಟಿ ಹಾಗೇ ಇರಲಿ. ಕಣ್ಣಿಗೆ ಕಿರಿಕಿರಿಯೆನಿಸಿದರೆ ಎರಡೂ ಬದಿಗೆ ಕಪ್ಪು ಬಟ್ಟೆ ಇಳಿಬಿಡಿ. ಆ ಕಾಲದ ಧ್ವನಿ ಒಂದೇ ಎಳೆಯದು, ಅದನ್ನು ಕೃತಕ ಸರೌಂಡಿಗೆ ಹಾಕದೆ ನಡುವಿನ ಸ್ಪೀಕರಿನಲ್ಲೇ ಕೇಳಿ. ಚಲನೆಯನ್ನು ನುಣುಪು ಮಾಡುವ ಮೋಷನ್ ಸೆಟ್ಟಿಂಗನ್ನೂ ಆಫ್ ಮಾಡಿಬಿಡಿ. ಸೆಕೆಂಡಿಗೆ 24 ಚೌಕಟ್ಟಿನಂತೆ ತೆಗೆದ ಚಿತ್ರವನ್ನು ಹಾಗೆಯೇ ನೋಡಬೇಕು.