ನಿಮಗಿದು ಗೊತ್ತೆ? ಕಿತ್ತೂರಿನ ಕಾಳಗದ ಅರ್ಧ ಕುರುಹು ಧಾರವಾಡದಲ್ಲಿದೆ

ಕಿತ್ತೂರು ಕೋಟೆ ನೋಡಿದರೆ 1824ರ ಕಾಳಗದ ಜಾಗ ನೋಡಿದಂತಾಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಜಗಳ ಹೊತ್ತಿಕೊಂಡದ್ದು ಧಾರವಾಡದ ಕಚೇರಿಯಲ್ಲಿ. ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತಕವನ್ನು ಒಪ್ಪದೆ, ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಇಲ್ಲಿನ ಕಲೆಕ್ಟರ್ ಥ್ಯಾಕರೆ. ಅಕ್ಟೋಬರ್ 23ರಂದು ಕೋಟೆ ಬಾಗಿಲಲ್ಲಿ ಸತ್ತವನೂ ಅವನೇ. ಅವನ ಸಮಾಧಿ ಧಾರವಾಡದ ಹಳೆಯ ಇಂಗ್ಲಿಷ್ ಸ್ಮಶಾನದಲ್ಲಿದೆ. ಡಿಸೆಂಬರಿನ ಎರಡನೆಯ ಯುದ್ಧದಲ್ಲಿ ಕೋಟೆ ಬಿದ್ದು, ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಕಣ್ಣುಮುಚ್ಚಿದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿಯೂ ಅಲ್ಲೇ.

ವೈರಿಯ ಗೋರಿಯನ್ನು ನಾವೇಕೆ ನೋಡಬೇಕು ಎಂದು ಕೇಳಬಹುದು. ನೋಡುವುದು ಕೈಮುಗಿಯಲು ಅಲ್ಲ, ಸಾಕ್ಷ್ಯಕ್ಕೆ. ಕಂಪನಿಯ ಜಿಲ್ಲಾಧಿಕಾರಿಯನ್ನೇ ಒಂದು ಸಣ್ಣ ಸಂಸ್ಥಾನ ಕೆಡವಿತೆಂಬುದು ಬರೀ ಲಾವಣಿಯ ಉತ್ಪ್ರೇಕ್ಷೆಯಲ್ಲ ಎಂದು ಹೇಳುವುದು ಆ ಮೊದಲ ಕಾಳಗದಲ್ಲಿ ಸೋತವರೇ ಕಟ್ಟಿದ ಆ ಕಲ್ಲು. ಹಾಗಿದ್ದರೆ ಪಾಳುಬಿದ್ದ ಕೋಟೆಯಲ್ಲಿ ಇನ್ನೇನಿದೆ ಎಂದರೆ, ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ಕಾಣಲೆಂದು ಕೂಡಿಸಿದ ಕೊಳವೆಗೆ ಕಣ್ಣಿಟ್ಟು ನೋಡಿ. ಅಂಥ ಕೆಲಸಕ್ಕೆ ಪುರುಸೊತ್ತೂ ನಿಪುಣರೂ ಇದ್ದ ಸಂಸ್ಥಾನವದು. ಥ್ಯಾಕರೆ ಸತ್ತ ಕಾಳಗದಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕಿ ಆಮೇಲೆ ಬಿಡುಗಡೆಯಾದ ಕಂಪನಿಯ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಇದೇ ಸೀಮೆಯ ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಹುಬ್ಬಳ್ಳಿ ಕಡೆಯಿಂದ ಹೊರಟವರಿಗೆ ಧಾರವಾಡ ದಾರಿಯಲ್ಲೇ ಸಿಗುತ್ತದೆ.