ನೆರೆ ಬರುವ ಮುನ್ನ ಸಾಕುಪ್ರಾಣಿಗಳಿಗೆ ಆಶ್ರಯದ ಏರ್ಪಾಡು

ಕೃಷ್ಣಾ, ಭೀಮಾ, ಮಲಪ್ರಭಾ ಹಾಗೂ ಘಟಪ್ರಭಾ ನದಿಗಳ ದಂಡೆಯ ಹಳ್ಳಿಗಳಿಗೆ ನೆರೆ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆ, 2019ರ ಆಗಸ್ಟ್ ತಿಂಗಳ ಪ್ರವಾಹ, 2020ರ ಅಕ್ಟೋಬರಿನಲ್ಲಿ ಉಕ್ಕಿದ ಭೀಮಾ ನದಿ, ಇವೆಲ್ಲ ಈ ಭಾಗದ ರೈತರ ನೆನಪಿನಲ್ಲಿವೆ. ಪ್ರತಿ ಸಲವೂ ಒಂದು ತೊಡಕು ಎದುರಾಗುತ್ತದೆ. ಊರು ಬಿಡಿರೆಂದು ಡಂಗುರ ಸಾರಿದರೂ ಮನೆಯ ಹಿರಿಯರು ಕದಲುವುದಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಇದೆ, ದೊಡ್ಡಿಯಲ್ಲಿ ಆಡುಗಳಿವೆ, ಬಾಗಿಲಲ್ಲಿ ನಾಯಿ ಇದೆ. ಅವುಗಳನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆಗೆ ಉತ್ತರ ಸಿಗದ ಹೊರತು ಮನುಷ್ಯನ ಕಾಲು ಏಳುವುದಿಲ್ಲ. ಹೊರಟು ಹೋದವರೂ ಅವುಗಳಿಗಾಗಿ ನೀರಿನಲ್ಲಿ ಹಿಂದಿರುಗಿ ಅಪಾಯಕ್ಕೆ ಸಿಲುಕುವುದುಂಟು.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪ್ರದೇಶಕ್ಕೆ ಕತ್ರೀನಾ ಚಂಡಮಾರುತ ಅಪ್ಪಳಿಸಿದಾಗ ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಪ್ಪದೆ ಅನೇಕರು ಮನೆಯಲ್ಲಿಯೇ ಉಳಿದರು. ಮರುವರ್ಷ, 2006ರಲ್ಲಿ, ತೆರವು ಯೋಜನೆಗಳಲ್ಲಿ ಮನೆಯ ಪ್ರಾಣಿಗಳನ್ನೂ ಸೇರಿಸಬೇಕೆಂದು ಆ ದೇಶ ಕಾನೂನು ಮಾಡಿತು. ಆದ್ದರಿಂದ ಪ್ರಾಣಿಗಳಿಗೆ ಆಶ್ರಯ ಕಲ್ಪಿಸುವುದು ಕೇವಲ ದಯೆಯ ಕೆಲಸವಲ್ಲ. ಅದು ಜನರ ಪ್ರಾಣ ಉಳಿಸುವ ಕೆಲಸವೂ ಹೌದು.

ಕಾಲಾವಕಾಶ ಎಷ್ಟು?

ಕೃಷ್ಣಾ ಕಣಿವೆಯ ನೆರೆ ಹೆಚ್ಚಾಗಿ ಸ್ಥಳೀಯ ಮಳೆಯಿಂದ ಬರುವುದಲ್ಲ. ಸಹ್ಯಾದ್ರಿಯಲ್ಲಿ ಮಳೆ ಬಿದ್ದು, ಮಹಾರಾಷ್ಟ್ರದ ಕೊಯ್ನಾ ಮುಂತಾದ ಜಲಾಶಯಗಳಿಂದ ನೀರು ಬಿಟ್ಟಾಗ ಇಲ್ಲಿ ನದಿ ಏರುತ್ತದೆ. ಭೀಮಾ ನದಿಗೆ ಉಜನಿ, ಮಲಪ್ರಭೆಗೆ ನವಿಲುತೀರ್ಥ, ಘಟಪ್ರಭೆಗೆ ಹಿಡಕಲ್ ಜಲಾಶಯಗಳ ಹೊರಹರಿವನ್ನು ಗಮನಿಸಬೇಕು. ಮೇಲಿನ ಜಲಾಶಯದಿಂದ ನೀರು ಹಳ್ಳಿಗೆ ತಲುಪುವವರೆಗೆ ಸಿಗುವ ಅವಧಿಯೇ ಪ್ರಾಣಿಗಳನ್ನು ಸಾಗಿಸಲು ಇರುವ ಕಾಲ. ಜನರಿಗಿಂತ ದನಗಳು ನಿಧಾನವಾಗಿ ಸಾಗುವುದರಿಂದ, ಮೊದಲ ಎಚ್ಚರಿಕೆಗೇ ಅವುಗಳನ್ನು ಹೊರಡಿಸುವುದು ಉತ್ತಮ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದಂತೆ ಗುಡ್ಡ ಕುಸಿಯುವ ಕಡೆಗಳಲ್ಲಿ ಇಷ್ಟೂ ಸಮಯ ಸಿಗುವುದಿಲ್ಲ. ಅಲ್ಲಿ ಭಾರಿ ಮಳೆಯ ದಿನಗಳಲ್ಲಿ ಪ್ರಾಣಿಗಳನ್ನು ಇಳಿಜಾರಿನ ಕೆಳಗೆ ಕಟ್ಟಲೇಬಾರದು.

ಸ್ಥಳದ ಆಯ್ಕೆ

ಊರಿನ ಹಿರಿಯರಿಗೆ ತಿಳಿದಿರುವ ಅತಿ ಹೆಚ್ಚಿನ ನೆರೆಯ ಮಟ್ಟಕ್ಕಿಂತ ಎತ್ತರದಲ್ಲಿ ಜಾಗವಿರಬೇಕು. ಟ್ರ್ಯಾಕ್ಟರ್ ಮತ್ತು ನೀರಿನ ಟ್ಯಾಂಕರ್ ಬರಲು ದಾರಿ ಇರಬೇಕು. ಆ ದಾರಿಯಲ್ಲಿ ಮೊದಲು ಮುಳುಗುವ ಹಳ್ಳ, ಸೇತುವೆಗಳು ಇರಬಾರದು. ಗೋಮಾಳ, ಎ.ಪಿ.ಎಂ.ಸಿ. ಪ್ರಾಂಗಣ, ಸಂತೆ ಮೈದಾನ ಇವು ಅನುಕೂಲಕರ. ಜನರ ಕಾಳಜಿ ಕೇಂದ್ರದಿಂದ ನಡೆದು ಹೋಗಿ ಬರುವಷ್ಟು ಹತ್ತಿರದಲ್ಲಿದ್ದರೆ ಒಡೆಯರೇ ಬಂದು ಹಾಲು ಕರೆದು, ಮೇವು ಹಾಕಿ ಹೋಗಬಹುದು. ಆದರೆ ಎರಡೂ ಒಂದೇ ಅಂಗಳದಲ್ಲಿರಬಾರದು. ಸಗಣಿ, ಗಂಜಲದ ನೀರು ಜನರ ಕುಡಿಯುವ ನೀರಿನ ಕಡೆಗೆ ಹರಿಯದಂತೆ ಇಳಿಜಾರನ್ನು ನೋಡಿಕೊಳ್ಳಬೇಕು.

ಜಾಗ, ಮೇವು, ನೀರಿನ ಲೆಕ್ಕ

ಒಂದು ಹಳ್ಳಿಯಲ್ಲಿ 100 ದೊಡ್ಡ ಜಾನುವಾರು, 40 ಕರುಗಳು ಮತ್ತು 150 ಕುರಿ-ಆಡುಗಳಿವೆ ಎಂದಿಟ್ಟುಕೊಳ್ಳೋಣ. ಅಲ್ಲಿಗೆ ಬೇಕಾಗುವ ಏರ್ಪಾಡು ಹೀಗಿದೆ:

1. ಜಾಗ: ದೊಡ್ಡ ಜಾನುವಾರಿಗೆ 4, ಕರುವಿಗೆ 1, ಕುರಿ ಅಥವಾ ಆಡಿಗೆ 1 ಚದರ ಮೀಟರಿನಂತೆ 590 ಚದರ ಮೀಟರ್. ಓಡಾಟ, ಮೇವು, ನೀರಿನ ತೊಟ್ಟಿಗಳಿಗಾಗಿ ಅಷ್ಟೇ ಜಾಗ ಸೇರಿಸಿದರೆ ಸುಮಾರು 12 ಗುಂಟೆ.

2. ಒಣಮೇವು: ದಿನಕ್ಕೆ ದೊಡ್ಡದಕ್ಕೆ 6, ಕರುವಿಗೆ 2, ಕುರಿ-ಆಡಿಗೆ 1 ಕಿಲೋಗ್ರಾಮಿನಂತೆ 830 ಕಿಲೋಗ್ರಾಂ. ಒಂದು ವಾರಕ್ಕೆ ಸುಮಾರು 5.8 ಟನ್.

3. ನೀರು: ದಿನಕ್ಕೆ ದೊಡ್ಡದಕ್ಕೆ 50, ಕರುವಿಗೆ 15, ಕುರಿ-ಆಡಿಗೆ 5 ಲೀಟರಿನಂತೆ 6,350 ಲೀಟರ್.

ಇದು ಜೀವ ಹಿಡಿದಿಡುವಷ್ಟು ಮೇವಿನ ಲೆಕ್ಕ. ಹಿಂಡುವ ಹಸು, ಎಮ್ಮೆಗಳಿಗೆ ಹಿಂಡಿ, ಹೊಟ್ಟು ಬೇರೆ ಬೇಕು. ಪ್ರತಿ ಊರಿನವರೂ ತಮ್ಮ ದನಗಳ ಸಂಖ್ಯೆ ಹಾಕಿ ಇದೇ ರೀತಿ ಲೆಕ್ಕ ಮಾಡಿಕೊಳ್ಳಬಹುದು.

ಮೇವು ಉಳಿಸಿಕೊಳ್ಳುವ ಬಗೆ

ಕಣಿಕೆ ಮತ್ತು ಹೊಟ್ಟಿನ ಬಣವೆಗಳು ಸಾಮಾನ್ಯವಾಗಿ ಹೊಲದಲ್ಲಿ, ನದಿಯ ಮಗ್ಗುಲಲ್ಲೇ ಇರುತ್ತವೆ. ಮನೆಗಿಂತ ಮೊದಲು ಕೊಚ್ಚಿ ಹೋಗುವುದೂ ಅವೇ. ಆದುದರಿಂದ ಬಣವೆಯ ಒಂದು ಪಾಲನ್ನಾದರೂ ಮಳೆಗಾಲಕ್ಕೆ ಮುಂಚೆ ಎತ್ತರದ ಜಾಗದಲ್ಲಿ, ಕಲ್ಲು ಅಥವಾ ಕಟ್ಟಿಗೆಯ ಅಟ್ಟದ ಮೇಲೆ ಒಟ್ಟಿ ಮುಚ್ಚಿಡಬೇಕು. ಕೆಸರು ಕುಳಿತ ಹಸಿರು ಮೇವನ್ನು ತೊಳೆಯದೆ ಹಾಕಬಾರದು. ಬೂಷ್ಟು ಹಿಡಿದ ಕಣಿಕೆಯನ್ನು ಹಸಿದ ದನಕ್ಕೂ ತಿನ್ನಿಸಬಾರದು. ನೆರೆ ಇಳಿದ ಮೇಲೆ ಕೂಳೆ ಜೋಳದ ಎಳೆ ಚಿಗುರಿಗೆ ದನ ಬಿಡುವುದು ಅಪಾಯಕರ. ಅದರಲ್ಲಿ ಸಯನೈಡ್ ವಿಷದ ಅಂಶವಿದ್ದು, ಹೊಟ್ಟೆ ಹಸಿದ ದನ ಒಮ್ಮೆಲೆ ಮೇದರೆ ಸಾಯಬಹುದು.

ಕುಡಿಯಲು ನೆರೆಯ ನೀರು ಬೇಡ. 1,000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೆರೆಸಿ, ಒಂದು ಗಂಟೆ ಬಿಟ್ಟು ಕುಡಿಸಬೇಕು. ರಾಡಿ ನೀರಿಗೆ ಈ ಪ್ರಮಾಣ ಸಾಲದು. ಅದನ್ನು ಮೊದಲು ತಿಳಿಯಾಗಲು ಬಿಡಬೇಕು.

ನಾಯಿ, ಬೆಕ್ಕು, ಕೋಳಿ

ಯೋಜನೆಗಳಲ್ಲಿ ಇವುಗಳ ಹೆಸರು ಬರುವುದು ಅಪರೂಪ. ಆದರೆ ಮಕ್ಕಳೂ ಮುದುಕರೂ ಇವುಗಳನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಕೇಂದ್ರದ ಒಂದು ಮೂಲೆಯನ್ನು ನಾಯಿಗಳಿಗೆ ಮೀಸಲಿಟ್ಟು, ಒಂದಕ್ಕೊಂದು ಎಟುಕದಂತೆ ಕುರಿ-ಆಡುಗಳಿಂದ ದೂರ ಕಟ್ಟಬೇಕು. ಬೆದರಿದ ನಾಯಿ ಪರಿಚಿತರನ್ನೂ ಕಚ್ಚೀತು. ಒಡೆಯರೇ ಅನ್ನ ಹಾಕುವುದು ಒಳ್ಳೆಯದು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಬೆಕ್ಕನ್ನು ಮುಚ್ಚಳವಿರುವ ಬಿದಿರು ಬುಟ್ಟಿಯಲ್ಲಿ ಒಯ್ದು, ಬಾಗಿಲು ಹಾಕಿದ ಕೋಣೆಯಲ್ಲಿಡಬೇಕು. ಹೊರಬಿಟ್ಟರೆ ಅದು ಹಳೆಯ ಮನೆಯ ಕಡೆಗೇ ಓಡುತ್ತದೆ. ಕೋಳಿಗಳನ್ನು ಗಾಳಿಯಾಡುವ ಬುಟ್ಟಿಗಳಲ್ಲಿ ಸಾಗಿಸಬೇಕು. ಒಂದರ ಮೇಲೊಂದು ಒತ್ತಿ ತುಂಬಬಾರದು.

ಲಸಿಕೆ ಮತ್ತು ಗುರುತು

ಹಲವು ಮನೆಗಳ ದನ ಒಂದೆಡೆ ಸೇರಿದಾಗ ರೋಗ ಬೇಗ ಹರಡುತ್ತದೆ. ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ಜ್ವರ, ಕುರಿಗಳ ಕರುಳುಬೇನೆ ಮತ್ತು ಪಿ.ಪಿ.ಆರ್., ನಾಯಿಗಳ ರೇಬೀಸ್ ಇವುಗಳಿಗೆ ಲಸಿಕೆಗಳಿವೆ. ಲಸಿಕೆ ಹಾಕಿದ ದಿನವೇ ರಕ್ಷಣೆ ದೊರೆಯುವುದಿಲ್ಲ. ಅದಕ್ಕೆ ಎರಡು ಮೂರು ವಾರ ಬೇಕು. ಆದ್ದರಿಂದ ಮಳೆಗಾಲಕ್ಕೆ ಮುನ್ನ, ಮೇ ತಿಂಗಳಿನಲ್ಲಿಯೇ, ಪಶುವೈದ್ಯರ ಸಲಹೆಯಂತೆ ಹಾಕಿಸುವುದು ಸೂಕ್ತ.

ದನಗಳ ಕಿವಿಗೆ ಹಾಕುವ 12 ಅಂಕಿಗಳ ಬಿಲ್ಲೆಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪಡಿತರ ಚೀಟಿಯ ಜೊತೆ ಇಟ್ಟುಕೊಳ್ಳಬೇಕು. ತಪ್ಪಿಹೋದ ದನವನ್ನು ಹುಡುಕಲು, ವಿಮೆ ಮತ್ತು ಪರಿಹಾರದ ಅರ್ಜಿಗೆ ಇದು ಆಧಾರ. ಚಿಕಿತ್ಸೆಗೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.

ಸಾಗಿಸಲಾಗದಿದ್ದರೆ

ನೀರು ಏಕಾಏಕಿ ಏರಿ, ಒಯ್ಯಲು ಸಾಧ್ಯವೇ ಇಲ್ಲದಾದಾಗ ಮಾಡಲೇಬೇಕಾದ ಕೆಲಸ ಒಂದಿದೆ: ಹಗ್ಗ ಬಿಚ್ಚುವುದು. ದನ, ಎಮ್ಮೆ, ನಾಯಿ ಇವೆಲ್ಲ ಈಜಬಲ್ಲವು. ಕಟ್ಟಿದ ಪ್ರಾಣಿಗೆ ಆ ಅವಕಾಶವೂ ಇಲ್ಲ. ದಾವಣಿ, ಸರಪಳಿ ಬಿಚ್ಚಿ, ದೊಡ್ಡಿಯ ಬಾಗಿಲು ತೆರೆದು ಹೊರಡಬೇಕು. ಮಳೆಗಾಲದ ರಾತ್ರಿಗಳಲ್ಲಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಜೀರುಗುಣಿಕೆ ಹಾಕುವ ರೂಢಿ ಮಾಡಿಕೊಂಡರೆ ಕತ್ತಲೆಯಲ್ಲಿ ಮಕ್ಕಳೂ ಬಿಚ್ಚಬಲ್ಲರು.

ಸತ್ತ ಪ್ರಾಣಿಗಳನ್ನು ನದಿಗೆ ಎಳೆಯಬಾರದು. ಪಶುವೈದ್ಯರಿಗೆ ತೋರಿಸಿ ದಾಖಲೆ ಪಡೆದ ನಂತರ, ಬಾವಿ, ಹಳ್ಳಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು.

ಯಾರು, ಯಾವಾಗ?

ಈ ಕೆಲಸ ಒಬ್ಬರಿಂದ ಆಗುವುದಲ್ಲ. ಗ್ರಾಮ ಪಂಚಾಯಿತಿ ಜಾಗ ಗುರುತಿಸಬೇಕು. ಹಾಲು ಉತ್ಪಾದಕರ ಸಹಕಾರ ಸಂಘದ ಬಳಿ ಹೈನು ಇರುವ ಮನೆಗಳ ಪಟ್ಟಿ ಇರುವುದರಿಂದ, ದನಗಳ ಎಣಿಕೆ ಮತ್ತು ಮೇವಿನ ಸಂಗ್ರಹವನ್ನು ಅದು ವಹಿಸಿಕೊಳ್ಳಬಹುದು. ಪ್ರತಿ ಓಣಿಗೆ ಇಬ್ಬರು ಯುವಕರನ್ನು ನೇಮಿಸಿ, ಗಂಡಸರಿಲ್ಲದ ಮನೆ, ಮುದುಕರ ಮನೆಗಳ ದನಗಳನ್ನು ಮೊದಲು ಹೊರಡಿಸುವ ಹೊಣೆಯನ್ನು ಅವರಿಗೆ ಒಪ್ಪಿಸಬೇಕು. ವಿಸ್ತರಣಾ ಕಾರ್ಯಕರ್ತರು ಮೇ ತಿಂಗಳೊಳಗೆ ಈ ಯೋಜನೆಯನ್ನು ಗ್ರಾಮಸಭೆಯ ಮುಂದಿಟ್ಟು, ಒಮ್ಮೆ ದನಗಳನ್ನು ಆ ಜಾಗದವರೆಗೆ ನಡೆಸಿ ನೋಡುವುದು ಒಳಿತು. ದಾರಿ ಎಲ್ಲಿ ಇಕ್ಕಟ್ಟಾಗಿದೆ, ನೀರು ಎಲ್ಲಿಂದ ತರಬೇಕು ಎಂಬುದು ಆಗ ತಿಳಿಯುತ್ತದೆ. ದನ ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತಿರುವ ಮನೆಯವರು ಎಚ್ಚರಿಕೆ ಬಂದ ಕೂಡಲೇ ಹೊರಡುತ್ತಾರೆ.